ಹನ್ನೆರಡು

ಕಿಟಕಿಯಷ್ಟೇ ಅಂಗಡಿ. ಬುಡಾಪೆಸ್ಟಿನ ಚಳಿ
ಅದರ ಹಬೆಗೆ ಮೂಗೊಡ್ಡಿ ನಿಂತಿದೆ.
ಒಳಗೆ ರುಯಿಫೆನ್
ಒಂದೊಂದು ಡಂಪ್ಲಿಂಗಿನ ಬಾಯನ್ನೂ ಚಿವುಟಿ ಮುಚ್ಚುತ್ತಾಳೆ,
ಚಾಡಿ ಹೇಳೀತೆಂಬಂತೆ.

ಹಂಗೇರಿಯನ್ ಅವಳಿಗೆ ಹನ್ನೆರಡರವರೆಗೆ ಬರುತ್ತದೆ;
ಡಬ್ಬಿಗೆ ಹಿಡಿಯುವುದು ಅಷ್ಟೇ.
ಜೊತೆಗೊಂದು ಮಾತು: ಬಿಸಿ.

ಹಳದಿ ಟ್ರಾಮು ಓಡಿಸುವ ಇಲ್ದಿಕೊ
ಎರಡು ಪಾಳಿಯ ನಡುವೆ ನಿಂತೇ ತಿನ್ನುತ್ತಾಳೆ,
ದಿನಾ ನಾಲಿಗೆ ಸುಟ್ಟುಕೊಳ್ಳುತ್ತಾಳೆ,
ದಿನಾ ಬಯ್ಯುತ್ತಾಳೆ:
ಎಲೆಕೋಸನ್ನು, ಮೇಯರನ್ನು, ಬಿಟ್ಟುಹೋದ ಗಂಡನನ್ನು.
ರುಯಿಫೆನ್ ತಲೆಯಾಡಿಸುತ್ತಾಳೆ: ಬಿಸಿ, ಬಿಸಿ.

ಇವತ್ತು ಇಲ್ದಿಕೊ ಯಾರನ್ನೂ ಬಯ್ಯಲಿಲ್ಲ.
ಕೈಗವಸು ಕಳಚಿ, ಉಗುರು ನೋಡುತ್ತ ನಿಂತಳು.
ಡಬ್ಬಿ ತೆರೆದರೆ
ಹನ್ನೆರಡರ ಮೇಲೆ ಇನ್ನೊಂದು,
ಮಡಿಕೆ ಕೂಡದ್ದು, ಬಾಯಿ ಬಿಟ್ಟದ್ದು.

ಅದರ ಅಂಕಿ ರುಯಿಫೆನ್‌ಗೆ ಬಾರದು.
'ಬಿಸಿ' ಅಂದಳು,
ಕಿಟಕಿ ಎಳೆದುಕೊಂಡಳು.