ಪ್ರಶ್ನೆಚಿಹ್ನೆ, ಚುಕ್ಕೆ

ರಾಯಬಂದರದ ಜೆಟ್ಟಿಗೆ ಅಂಟಿಕೊಂಡು ನಮ್ಮ ಆಫೀಸು.
ಕೆಳಗೆ ಬರ್ಫದ ಗೋದಾಮು, ಚಪ್ಪಲಿಯ ಅಡಿಗೆ ತಂಪು ಏರುತ್ತದೆ.
ನನ್ನ ಕೆಲಸ ಇಷ್ಟೇ: ಹಗಲೆಲ್ಲ ನದಿ ದಾಟಿದ್ದನ್ನು
ರಾತ್ರಿ ಎಣಿಸುವುದು.
ಎಷ್ಟು ಸ್ಕೂಟರು, ಎಷ್ಟು ರಿಕ್ಷಾ, ಎಷ್ಟು ಖೇಪು,
ಚುಕ್ಕಾಣಿ ಹಿಡಿದವರು ಯಾರು.

ಎಣಿಸುವುದು ನಾನಲ್ಲ, ಗ್ರೂವಿ.
ಹೆಸರು ಕೇಳಿ ನಗಬೇಡಿ, ಅದೂ ಒಂದು ಭಾಷೆ,
ಇನ್ನೊಬ್ಬರ ಮನೆಯಲ್ಲಿ ಬಿಡಾರ ಹೂಡಿದ ಭಾಷೆ.
ಆ ಮನೆಯೂ ಮನೆಯಲ್ಲ; ಯಂತ್ರದೊಳಗೆ
ಯಂತ್ರದ ಸೋಗು ಹಾಕಿದ ಇನ್ನೊಂದು ಯಂತ್ರ.
ಯಜಮಾನಿ ಜಾವಾ ಬಲು ಮಡಿ:
ಸಾಲು ಮುಗಿದಲ್ಲೆಲ್ಲ ಅರ್ಧವಿರಾಮ ಬೇಕು,
ಹೆಸರಿಗಿಂತ ಮೊದಲು ಕುಲ ಬೇಕು, ಅಂಕಿಯೋ ಅಕ್ಷರವೋ.
ಈ ಬಾಡಿಗೆಯವಳಿಗೆ ಅದ್ಯಾವುದರ ಹಟವಿಲ್ಲ.
ಡೆಫ್ ಎಂದರೆ ಸಾಕು,
ಒಳಗೆ ಬಾ ಎನ್ನುತ್ತಾಳೆ.

ಈ ಬಾಳುವೆ ನನಗೆ ಹೊಸದಲ್ಲ.
ಬೈನಾದ ತಗಡಿನ ಮನೆಯಲ್ಲಿ ಹುಟ್ಟಿದವಳು ನಾನು;
ಅವ್ವ ಗಜೇಂದ್ರಗಡದ ಕಡೆಯವಳು, ಬಂದರಿನಲ್ಲಿ ಖಡಿ ಹೊತ್ತವಳು.
ಅವಳೊಂದಿಗೆ ಕನ್ನಡ, ನಲ್ಲಿಯ ಸಾಲಿನಲ್ಲಿ ಕೊಂಕಣಿ,
ಶಾಲೆಯಲ್ಲಿ ಮರಾಠಿ, ಸಿಟ್ಟು ಬಂದರೆ ಮೂರೂ.
ಇಲ್ಲಿ ಒಂದೇ ನುಡಿಯನ್ನು ಗುಡಿಯವರು ಒಂದು ಲಿಪಿಯಲ್ಲಿ
ಇಗರ್ಜಿಯವರು ಇನ್ನೊಂದರಲ್ಲಿ ಬರೆಯುತ್ತಾರೆ.
ಮಂಗಳೂರಿನತ್ತ ಹೋದರೆ ಅದೇ ನುಡಿ
ನಮ್ಮ ಅಕ್ಷರ ಉಟ್ಟು ನಿಂತಿರುತ್ತದೆ.
ಯಂತ್ರದೊಳಗೆ ಇದು ತಿರುವುಮುರುವು:
ನುಡಿ ಹತ್ತು,
ಕೊನೆಗೆ ಇಳಿಯುವ ಲಿಪಿ ಒಂದೇ.

ಪರದೆ ನೋಡಿ ಅವ್ವ ಒಮ್ಮೆ ಕೇಳಿದಳು,
"ಈ ಗೆರಿ ಯಾಕ ಹಿಂಗ ಡೊಂಕ ಅದಾವು?"
ಉಡಿ ಅವ್ವಾ, ಎಂದೆ.
ಇದರಲ್ಲಿ ಕಟ್ಟಿದ ನಾಲ್ಕು ಸಾಲನ್ನು ಎಲ್ಲಿಗೆ ಕಳಿಸಿದರೂ
ಹುಟ್ಟಿದ ಜಾಗದ ಹೆಸರುಗಳನ್ನು ಬಿಟ್ಟು ಹೋಗುವುದಿಲ್ಲ.
ಅವಳು ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಅಷ್ಟೇ.

ಬರೆದವರು ಯಾರೋ, ಬಾಗಿಲಿಗೆ ಚಿಲಕ ಇಟ್ಟಿಲ್ಲ.
ಅರವಟ್ಟಿಗೆಯ ಗಡಿಗೆ ತುಂಬಿದವರ ಹೆಸರು
ಕುಡಿದು ಹೋದವರಿಗೆ ಎಲ್ಲಿ ಗೊತ್ತಿರುತ್ತದೆ?
ನಮ್ಮ ಫೆರಿಯಲ್ಲೂ ನಡೆದು ಬಂದವರಿಗೆ ಟಿಕೀಟಿಲ್ಲ.
ಹೋದ ವರ್ಷ ನಾನೂ ಒಂದು ಸಣ್ಣ ತಪ್ಪು ತಿದ್ದಿ ಕಳಿಸಿದೆ.
ತೆಗೆದುಕೊಂಡರು.
ಮೂರು ದಿನ ಕಾಲು ನೆಲದ ಮೇಲಿರಲಿಲ್ಲ.

ಜುಲೈಯ ಒಂದು ಮಂಗಳವಾರ ಎಣಿಕೆ ಮುಗ್ಗರಿಸಿತು.
ಮರುರಾತ್ರಿ ಅಲ್ಲೇ. ಮೂರನೆಯ ರಾತ್ರಿಯೂ ಅಲ್ಲೇ.
ಚುಕ್ಕಾಣಿಯ ಕಾಲಂ ಖಾಲಿ.
ಬೊನಿಫಾಸ್ ಮಾಮ ಮಲಗಿದಲ್ಲೇ ಹೋಗಿದ್ದ.
ಅವನ ಪಾಳಿಗೆ ಯಾರೋ ನಿಂತರು, ದೋಣಿ ನಡೆಯಿತು,
ಅವನ ಸಾಲಿನಲ್ಲಿ ಇನ್ನೊಂದು ಹೆಸರು ಬರೆಯಲು
ಜೆಟ್ಟಿಯಲ್ಲಿ ಯಾರಿಗೂ ಕೈ ಬರಲಿಲ್ಲ.
ಇಲ್ಲದವನನ್ನು ಹೆಸರು ಕೇಳಿದ ಯಂತ್ರ
ಅರವತ್ತು ಸಾಲು ಕೆಂಪಗೆ ಕಿರುಚಿತು.

"ಯಾವುದಾದರೂ ಹೆಸರು ತುಂಬು, ಮುಗಿಸು,"
ಎಂದರು ನಾಗ್ವೇಕರ್ ಸರ್.
ನಾನು ಚುಕ್ಕೆಯ ಹಿಂದೆ ಒಂದು ಪ್ರಶ್ನೆಚಿಹ್ನೆ ಇಟ್ಟೆ.
ಈ ಭಾಷೆಯಲ್ಲಿ ಅದರ ಅರ್ಥ:
ಇದ್ದರೆ ಕೇಳು. ಇಲ್ಲದಿದ್ದರೆ
ಸುಮ್ಮನೆ ಮುಂದೆ ಹೋಗು.
ಸೂತಕದ ಮನೆಯೆದುರು ಅವ್ವ ಹೀಗೇ ಹೋಗುತ್ತಿದ್ದಳು,
ಬಾಗಿಲು ತೆರೆದಿದ್ದರೆ ಒಂದು ಮಾತು,
ಮುಚ್ಚಿದ್ದರೆ ಕಾಲುಂಗುರವನ್ನೂ ಸದ್ದಾಗಗೊಡದೆ.

ಇನ್ನೊಂದು ಗುರುತಿದೆ: ಪ್ರಶ್ನೆಚಿಹ್ನೆ, ಪಕ್ಕದಲ್ಲಿ
ಒಂದರ ತಲೆಯ ಮೇಲೊಂದು ಎರಡು ಚುಕ್ಕೆ.
ಇಲ್ಲದ್ದಕ್ಕೆ ಬದಲು ಏನೆಂದು ಅಲ್ಲಿ ಬರೆಯಬೇಕು.
ಬಹಳ ಹೊತ್ತು ಕೂತೆ.
ಕೆಳಗೆ ಬರ್ಫ ಒಡೆಯುತ್ತಿದ್ದರು.
ಚೊಡಣದಿಂದ ಕೊನೆಯ ಫೆರಿ ಬಂದು
ಕಬ್ಬಿಣದ ನಾಲಿಗೆಯನ್ನು ದಡಕ್ಕೆ ಚಾಚಿತು,
ಇಳಿದವರು ಇಬ್ಬರೇ, ಒಂದು ನಾಯಿ.
ಎರಡು ಉದ್ಧರಣ ಚಿಹ್ನೆಗಳ ನಡುವೆ
ಸ್ಪೇಸ್‌ಬಾರ್ ಒಮ್ಮೆ ಒತ್ತಿದೆ.

ಬೆಳಿಗ್ಗೆ ವರದಿ ಬಂತು.
ಖೇಪು ಇಪ್ಪತ್ತೆರಡು. ರಿಕ್ಷಾ ಒಂಬತ್ತು.
ಸ್ಕೂಟರು ಇನ್ನೂರ ಹದಿನಾಲ್ಕು.
ಚುಕ್ಕಾಣಿ:

ನಾಗ್ವೇಕರ್ ಸರ್ ಸಹಿ ಹಾಕಿದರು.