ಬಿಟ್ಟ ಉಸುರು

ಚೌಗಲೆ ಬಾಯಾರು ಗಾಡಿ ತಂದು ನಿಲ್ಲಿಸಿದ್ದು
ಉದ್ಯಮಬಾಗದ ನಮ್ಮ ಶೆಡ್ಡಿನ ಮುಂದ,
ಕರೆಂಟ್ ಹೋಗಿ ಲೇಥು ಸುಮ್ಮನ ಕುಂತ ಹೊತ್ತಿನ್ಯಾಗ.
ಎರಡ ಸೀಟು. ತಲಿ ಮ್ಯಾಲ ಬರೇ ಕ್ಯಾನ್ವಾಸು.
ಇಪ್ಪತ್ತಾರು ವರ್ಷದ ಕೆಂಪು, ಬಿಸಲಿಗೆ ಇಟ್ಟಂಗಿ ಬಣ್ಣಕ್ಕ ಇಳದೈತಿ.
'ಇದಕ್ಕ ಟರ್ಬೊ ಕೂಡಸು' ಅಂದ್ರು,
ಗಾಲಿಗೆ ಗಾಳಿ ಹಾಕು ಅಂದಂಗ.

ಬಾನೆಟ್ ಎತ್ತಿ ನೋಡಿದೆ.
ಸಾವಿರದ ಇನ್ನೂರು ಸಿಸಿ, ಹೊಲಿಗಿ ಮಷಿನ್ನಿನ ತಮ್ಮ.
ಅಂಗಿ ಪೈಲವಾನಂದು, ಎದಿ ಕಾರಕೂನಂದು.
'ಬಾಯಾರ, ಪಿಸ್ಟನ್ ತಡಿಯೂದಿಲ್ರಿ.'
ಮೂವತ್ತೊಂದು ವರ್ಷ ಕೆಮಿಸ್ಟ್ರಿ ಕಲಿಸಿದ ಹೆಣಮಗಳು
ಚಷ್ಮಾ ಮ್ಯಾಲೇರಿಸಿ ಅಂದ್ರು:
'ಒತ್ತಡ ಹೆಚ್ಚಾದ್ರ ಒಡೀತೈತಿ, ಅದು ನನಗ ಗೊತ್ತು.
ಎಷ್ಟಕ್ಕ ಒಡೀತೈತಿ, ಅದನ್ನ ಹೇಳು.'

ನನಗೂ ಗೊತ್ತಿರಲಿಲ್ಲ. ಅದಕ್ಕ ಒಪ್ಪಿಕೊಂಡೆ.

ಟರ್ಬೊ ಸಿಕ್ಕಿದ್ದು ಗುಜರ್ಯಾಗ,
ಲಾರಿಗೆ ಹಾದು ಮುದ್ದಿಯಾದ ಡೀಜಲ್ ಕಾರಿಂದು.
ಎರಡೂವರಿ ಸಾವಿರ ಅಂದ, ಹದಿನೆಂಟು ನೂರಕ್ಕ ಬಂತು.
ಅಂಗೈಯಾಗ ಬಸವನಹುಳದ ಚಿಪ್ಪಿನಂಗ ಕುಂತಿತು.
ಬೆರಳಿಲೆ ತಿರುವಿದೆ,
ಚಾ ಬರೂತನಕ ತಿರಗತಾನ ಇತ್ತು.

ಮ್ಯಾನಿಫೋಲ್ಡ್ ಮಾತ್ರ ಹೊಸದು ಎರಕ ಹೊಯ್ಯಬೇಕು.
ಬಾಬಾಜಾನ ಲೋಕಾಪುರನ ಹತ್ರ ಹೋದೆ.
ನಲವತ್ತು ವರ್ಷ ಮರಳಿನ ಅಚ್ಚು ಬಡದವ,
ಈಗ ಮಾತಿನ ನಡುನಡುವ ನಿಲ್ತಾನ,
ಏರ ಹತ್ತೂ ಬಸ್ಸು ಗೇರ್ ಬದಲಸಿದಂಗ.
'ಏನ ಮಾಡ್ತೈತಿ ಇದು?'
ಹೇಳಿದೆ: ಇಂಜಿನ್ ಹೊರಗ ಒಗದ ಹೊಗಿ ಐತೆಲ್ಲ ಕಾಕಾ,
ಅದನ್ನ ಹಾದ್ಯಾಗ ಹಿಡದು ಒಂದ ಚಕ್ರ ತಿರಗಸ್ತೈತಿ.
ಅದೇ ದಂಡಿನ ಆಚಿ ತುದಿಗೆ ಇನ್ನೊಂದು ಚಕ್ರ,
ಹೊಸಾ ಗಾಳಿ ಎಳದು ಎಳದು ಒಳಗ ತುರುಕ್ತೈತಿ.

ಬಾಳೊತ್ತು ಸುಮ್ಮನಿದ್ದ.
'ಬಿಟ್ಟ ಉಸುರು…' ನಿಂತ. '…ತಿರುಗಿ ಬರ್ತೈತೇನು?'
'ಉಸುರು ಬರೂದಿಲ್ಲ ಕಾಕಾ. ಅದರ ಜೋರಷ್ಟ.'
'ಜೋರು' ಅಂದ,
ಕರೀ ಮರಳ ಮ್ಯಾಲ ಅಂಗೈ ಸವರಿದ.
ರೊಕ್ಕದ ಮಾತು ಎತ್ತಲಿಲ್ಲ.

ದಪ್ಪ ತಾಮ್ರದ ಗ್ಯಾಸ್ಕೆಟ್ ಕತ್ತರಿಸಿದೆ, ಒಳಗ ತುಸು ಜಾಗ ಆಗಲಿ ಅಂತ.
ಎಣ್ಣಿ ಹೋಗಾಕ ಒಂದ ನಳಿಗಿ, ಬರಾಕ ಇನ್ನೊಂದು.
ರೇಡಿಯೊ ಇದ್ದ ತೂತಿನ್ಯಾಗ ಒತ್ತಡದ ಮೀಟರು.
ಬಾಯಾರು ಸ್ಟೂಲ್ ಮ್ಯಾಲ ಕುಂತು ವಹಿಯಾಗ ಬರಕೊಂಡ್ರು:
ಪಾಯಿಂಟ್ ಮೂರು, ಸ್ವಚ್ಛ.
ಪಾಯಿಂಟ್ ಐದು, ಸ್ವಚ್ಛ.
ಪಾಯಿಂಟ್ ಆರಕ್ಕ ಇಂಜಿನ್ನಿನ್ಯಾಗ
ಡಬ್ಬಿಯೊಳಗ ಕಡಲಿ ಅಲುಗಿಸಿದ ಸದ್ದು.
'ಸಿಕ್ಕಿತು' ಅಂದ್ರು. ಆರರ ಕೆಳಗ ಕೆಂಪು ಗೆರಿ ಎಳದ್ರು.
ಒಡಿಯೂ ಜಾಗ ಕಂಡವರ ಮುಖದಾಗ ಅಂಥಾ ಖುಷಿ
ನಾ ನೋಡಿರಲಿಲ್ಲ.

ಮೊದಲ ಸಲ ಹೊನಗಾದಾಗ ಪೈಪು ಕಿತ್ತು ಹಾರಿತು,
ಎಮ್ಮಿ ಬೆದರಿತು, ಎಮ್ಮಿಯವ ನಮ್ಮವ್ವನ್ನ ನೆನದ.
ಎರಡನೇ ಸಲ, ರವಿವಾರ ನಸುಕಿನ್ಯಾಗ, ವಂಟಮುರಿ ಘಾಟು.
ಬಾಯಾರು ಕಾಲು ಒತ್ತಿದ್ರು.
ಏನೂ ಇಲ್ಲ.
ಎರಡು ಸಾವಿರ. ಏನೂ ಇಲ್ಲ.
ಎರಡೂವರಿ.
ಮುಂದ ಕಬ್ಬಿನ ಟ್ರ್ಯಾಕ್ಟರು, ಬಾಜೂಕ ಕಾಲುವಿ.
ನಾ ಹದಿನೆಂಟು ನೂರು ಹೋತು ಅಂತ ಲೆಕ್ಕ ಹಾಕಾಕತ್ತಿದ್ದೆ,
ಎಲ್ಲೋ ದೂರದಾಗ ಯಾರೋ ಸಿಳ್ಳ ಹೊಡದಂಗಾತು,
ಸಿಳ್ಳು ಹತ್ರ ಬಂತು,
ಸೀಟು ಬೆನ್ನಿಗೆ ಗುದ್ದಿತು,
ಟ್ರ್ಯಾಕ್ಟರು ಹಿಂದ ಉಳದಿತ್ತು, ನನ್ನ ಟೊಪ್ಪಿಗಿನೂ.

ಶೆಡ್ಡಿನ ಬಾಗಲಕ್ಕ ಬಾಬಾಜಾನ ಕಾಯಾಕತ್ತಿದ್ದ.
ಕೀಲಿ ತಿರುವಬ್ಯಾಡ್ರಿ, ಅಂದೆ ನಾ,
ಒಳಗಿನ ಚಕ್ರ ಇನ್ನೂ ಉರದೈತಿ,
ಎಣ್ಣಿ ಹರದು ಆರಲಿ, ಒಂದ ನಿಮಿಷ.
ನಾಲ್ಕೂ ಮಂದಿ ಕಾದಿವಿ, ಗಾಡಿ ಹಿಡದು.
ಬಾಬಾಜಾನ ಬಗ್ಗಿ ತನ್ನ ಎರಕದ ಸನೇಕ ಕಿವಿ ಒಡ್ಡಿದ.
'ಎಲ್ಲೂ ಸೋರವಲ್ದು' ಅಂದ,
ನಡುವ ನಿಲ್ಲದ.

ಬಾಯಾರು ಕೆಳಗ ಇಳದು ಕೂದಲಾ ಸರಿ ಮಾಡಕೊಂಡ್ರು.
'ಬ್ರೇಕು ಸಾಲೂದಿಲ್ಲಪಾ' ಅಂದ್ರು.
'ಸೋಮವಾರ ತರ್ತೀನಿ.'