ಮೂರು ಮಾರು

ತಾಸಿಲಾಕ್‌ನ ಅಂಗಡಿಯಲ್ಲಿ ಪೈನ್ ಹಲಗೆ ಇದೆ,
ಹಡಗಿನಲ್ಲಿ ಬಂದದ್ದು, ಪ್ಲಾಸ್ಟಿಕ್ ಹೊದ್ದುಕೊಂಡು.
ಗಂಟಿಲ್ಲದ್ದು ಬೇಕೆಂದರೆ ಬೇರೆ ಬೆಲೆ.
ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.
ಒಂದು ಪೊಟ್ಟಣ ಮೊಳೆ ಕೊಂಡು ಹೊರಬಂದೆ.
ಕಯಾಕಿಗೆ ಮೊಳೆ ಬೇಡ, ಬಿಗಿಯುವುದೆಲ್ಲ ದಾರದಲ್ಲೇ.
ಬರಿಗೈಲಿ ಬರಲು ನಾಚಿಕೆಯಾಯಿತು, ಅಷ್ಟೆ.

ಇಲ್ಲಿ ಮರವೆಂದರೆ ಮೊಣಕಾಲಿಗೂ ಬಾರದ ಪೊದೆ.
ಅಜ್ಜನ ಕಾಲಕ್ಕೆ ಮರ ತಾನೇ ಬರುತ್ತಿತ್ತು:
ಸೈಬೀರಿಯದ ಯಾವುದೋ ನದಿ ಕಿತ್ತೆಸೆದ ಲಾರ್ಚ್
ವರ್ಷಗಟ್ಟಲೆ ಮಂಜುಗಡ್ಡೆಯ ಹೆಗಲೇರಿ
ಧ್ರುವ ಬಳಸಿ, ತೊಗಟೆ ಕಳೆದು, ಬೂದಿ ಬಣ್ಣಕ್ಕೆ ತಿರುಗಿ
ನಮ್ಮ ಕೊಲ್ಲಿಯ ಕಲ್ಲುಗಳ ಮೇಲೆ ಮೈಚಾಚುತ್ತಿತ್ತು.
ಕಂಡವನು ಮೇಲಕ್ಕೆಳೆದು ಒಂದು ಕಲ್ಲಿಟ್ಟರೆ ಮುಗಿಯಿತು,
ಇನ್ನೊಬ್ಬ ಮುಟ್ಟುವಂತಿಲ್ಲ.
ಈಗ ಬರುವುದು ಬಲೆಯ ಚೂರು, ಮೀನಿನ ಪೆಟ್ಟಿಗೆ,
ಒಮ್ಮೆ ಒಂದು ಬಾಗಿಲು, ಚಿಲಕ ಹಾಕಿದ ಹಾಗೇ.

ಎರಡು ಬೇಸಿಗೆ ಹುಡುಕಿದೆ.
ಕಾರ್ಖಾನೆಯ ಹಿಂದಿನ ಪ್ಯಾಲೆಟ್ಟು ಬಿಚ್ಚಿ
ಅಡ್ಡಪಟ್ಟಿಗಳಿಗೆ ಸಾಕಾಗುವಷ್ಟು ಕೂಡಿಟ್ಟೆ.
ಚಿಕ್ಕಮ್ಮ ತೀರಿಕೊಂಡಾಗ ಅವಳ ಮಂಚದ ಹಲಗೆ ಕೇಳಿದೆ.
ಮೂರನೇ ದಿನವೇ ಕೇಳಿದೆ. ಕೊಡಲಿಲ್ಲ, ಸರಿಯೇ.
ಬೇಕಿದ್ದದ್ದು ಎರಡು ಉದ್ದನೆಯ ಅಂಚುಪಟ್ಟಿ,
ಒಂದೇ ಮರದ ಒಡಲಿಂದ, ಒಂದೇ ಥರ ಬಾಗುವಂಥವು.

ಯುಸ್ತುಸ್ ಹೇಳಿದ, ಬಿಟ್ಟುಹೋದ ಊರಿನ ಶಾಲೆಯ ಮುಂದೆ
ಬಾವುಟದ ಕಂಬ ಇನ್ನೂ ನಿಂತಿದೆಯಲ್ಲ.
ಪುರಸಭೆಯ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿದಳು.
ಶಾಲೆ ಇತ್ತು, ಮುಚ್ಚಿದ ತಾರೀಕಿತ್ತು,
ಕಂಬ ಯಾವ ಪಟ್ಟಿಯಲ್ಲೂ ಇರಲಿಲ್ಲ.
"ಇಲ್ಲದ್ದಕ್ಕೆ ಎಷ್ಟಂತ ಬರೆಯಲಿ?" ಎಂದಳು.
ಆಮೇಲೆ ಕಾಫಿ ತರಲು ಎದ್ದು ಹೋದಳು, ಬಹಳ ಹೊತ್ತು.

ದೋಣಿಯಲ್ಲಿ ತಂಗಿಯ ಮಗಳು ಬಿಬಿಯಾನೆ,
ಹದಿಮೂರು, ಕಿವಿಯಲ್ಲಿ ಹಾಡು, ಬಾಯಲ್ಲಿ ಒಣಮೀನು.
ಹಗ್ಗ ಹಿಡಿಯಲು ಕರೆತಂದಿದ್ದೆ.
ಆ ಕಂಬದ ಕೆಳಗೆ ನಾನು ಆರು ವರ್ಷ ನಿಂತವನು.
ಅರ್ಥವಾಗದ ಹಾಡಿಗೆ ಬಾಯಾಡಿಸುತ್ತ,
ಗಾಳಿಗೆ ಹಗ್ಗ ಟಕಟಕ ಬಡಿಯುವುದನ್ನಷ್ಟೇ ಕೇಳುತ್ತ.
ಇದನ್ನು ಅವಳಿಗೆ ಹೇಳಲಿಲ್ಲ. ಗರಗಸ ಇಳಿಸಿದೆ.

ಬುಡ ಕೊಳೆತು ಒದ್ದೆ ಬ್ರೆಡ್ಡಿನಂತಿತ್ತು. ಮೊಳದಷ್ಟು ಹೋಯಿತು.
ತುದಿ, ರಾಟೆಯ ಬೋಲ್ಟು ಸೀಳಿದ ಕಡೆ, ಅದೂ ಹೋಯಿತು.
ಮಿಕ್ಕದ್ದರ ಬಿಳಿ ಬಣ್ಣ ಹೆರೆದರೆ
ಒಳಗೆ ಕೆಂಪು, ಇನ್ನೂ ರಾಳದ ವಾಸನೆ.

ಅಜ್ಜನ ಲೆಕ್ಕ: ಉದ್ದ ಮೂರು ಮಾರು,
ಅಗಲ ನಿನ್ನ ಸೊಂಟ, ಮೇಲೆರಡು ಮುಷ್ಟಿ.
ಕಯಾಕು ಅಂಗಿಯ ಹಾಗೆ,
ಬೇರೆಯವರದು ತೊಟ್ಟರೆ ನೀರಿಗೆ ತಿಳಿಯುತ್ತದೆ.

ಕಂಬದ ಪಕ್ಕ ಮಲಗಿ ಕೈಚಾಚಿದೆ.
ಒಂದು. ಜರುಗಿ, ಎರಡು.
ಮೂರನೆಯದಕ್ಕೆ ನನ್ನ ಬಲಗೈ
ಮೊಣಕೈಯಿಂದಾಚೆ ಪಾಚಿಯ ಮೇಲಿತ್ತು.

ಹುಡುಗಿ ನಕ್ಕಳು. "ನಾನು ನೋಡಲಾ?"
ಜಾಕೆಟ್ಟು ಸಮೇತ ಮಲಗಿದಳು, ಒಂದು, ಎರಡು,
ಮೂರಕ್ಕೆ ಅವಳ ನಡುಬೆರಳು
ಕಂಬದ ಕೊನೆಗೆ ತಾಗಿ ನಿಂತಿತು.
ಉಗುರಷ್ಟು ಮಿಕ್ಕಿತು ಕೂಡ.

ನನಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳು.
ಐವತ್ತೆಂಟು ವರ್ಷ ಕಾದ ಸೊಂಟ ಇದು.
ವಾಪಸು ಬರುವಾಗ ಕಂಬವನ್ನು ದೋಣಿಯ ಬದಿಗೆ ಕಟ್ಟಿ
ಇಬ್ಬರೂ ಮಾತಾಡಲಿಲ್ಲ. ಅವಳು ಮಾತ್ರ
ಆಗಾಗ ಕೈ ಇಳಿಸಿ ಅದು ಇದೆಯೇ ಎಂದು ಮುಟ್ಟಿ ನೋಡುತ್ತಿದ್ದಳು,
ಕಿವಿಯ ತಂತಿ ಕೊರಳಲ್ಲಿ ಜೋತಾಡುತ್ತ.

ಈಗ ಶೆಡ್ಡಿನಲ್ಲಿ ಎರಡು ಪಟ್ಟಿ ಸೀಳಿ ಒಣಗಲಿಟ್ಟಿದ್ದೇನೆ.
ಪಕ್ಕೆಲುಬುಗಳಿಗೆ ಮರ ಸಿಕ್ಕಿಲ್ಲ.
ತಂಗಿ ಹೇಳುತ್ತಾಳೆ, ಕಳೆದ ತಿಂಗಳ ಅಂಗಿಯ ತೋಳು
ಈ ತಿಂಗಳು ಅವಳಿಗೆ ಗಿಡ್ಡ.
ನಾಳೆ ಚಿಕ್ಕಮ್ಮನ ಮನೆಯ ಬಾಗಿಲು
ಇನ್ನೊಮ್ಮೆ ತಟ್ಟಬೇಕು.